ಚರ್ಮದ ಚೀಲವೋ, ರೆಗ್ಜಿನ್ ಚೀಲವೋ: ಅಂಗಡಿಯಲ್ಲಿ ನಿಂತು ಗುರುತಿಸುವುದು ಹೇಗೆ?

ಕಡತದ ಚೀಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಈ ವರ್ಷ ಸನ್ನದು ಪಡೆದು ನಮ್ಮ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ ವೃತ್ತಿ ಆರಂಭಿಸುತ್ತಿದ್ದಾಳೆ. ಕಡತಗಳನ್ನು ಒಯ್ಯಲು ಹತ್ತು ವರ್ಷವಾದರೂ ಬಾಳುವಂತಹ ಒಂದು ಚರ್ಮದ ಚೀಲವನ್ನು ಅವಳಿಗೆ ಕೊಡಿಸಬೇಕೆಂದಿದ್ದೇನೆ. ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಿ ವಿಚಾರಿಸಿದಾಗ, ಬಣ್ಣ, ಅಳತೆ, ಹೊಳಪು ಎಲ್ಲವೂ ಹೆಚ್ಚು ಕಡಿಮೆ ಒಂದೇ ತೆರನಾಗಿರುವ ಚೀಲಗಳಿಗೆ 900 ರೂಪಾಯಿಯಿಂದ 6,500 ರೂಪಾಯಿಯವರೆಗೆ ಬೆಲೆ ಹೇಳಿದರು. ಎಲ್ಲದರ ಒಳಗೂ ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆಯಿತ್ತು. ಹಣ ಕೊಡುವುದಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ಕೊಟ್ಟ ಹಣಕ್ಕೆ ತಕ್ಕ ವಸ್ತು ಕೈಗೆ ಬಂದಿತೇ ಎಂಬುದನ್ನು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುವ ದಾರಿ ಯಾವುದು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಶಹಾಬಾದಿ ಕಲ್ಲು (ಶಹಾಬಾದ್)

ನಮ್ಮ ಹಿರಿಯರು ಹೇಳುತ್ತಿದ್ದ ಪರೀಕ್ಷೆಗಳು ಮೂರು. ಮೂಗಿನ ಹತ್ತಿರ ಹಿಡಿದರೆ ತೊಗಲಿನ ವಾಸನೆ ಬರಬೇಕು, ಒಂದು ಹನಿ ನೀರು ಹಾಕಿದರೆ ಹೀರಿಕೊಳ್ಳಬೇಕು, ಕಡ್ಡಿ ಗೀರಿ ಮೂಲೆಗೆ ತಾಗಿಸಿದರೆ ಕೂದಲು ಸುಟ್ಟ ವಾಸನೆ ಬರಬೇಕು. ಈ ಮೂರರಲ್ಲಿ ತೇರ್ಗಡೆಯಾದ ಚೀಲವನ್ನು ಕಣ್ಣು ಮುಚ್ಚಿ ಕೊಳ್ಳಬಹುದು.

ಅಟ್ಟೆ-ಬಾರು (ಬಸವಕಲ್ಯಾಣ)

ಕಡತದ ಚೀಲ ಅಣ್ಣನವರಿಗೆ ನಮಸ್ಕಾರ. ನಮ್ಮದು ಹರಳಯ್ಯನವರ ಊರು. ಅಜ್ಜನ ಕಾಲದಿಂದಲೂ ನಮ್ಮ ಮನೆಯಲ್ಲಿ ಚರ್ಮದ ಕೆಲಸ ನಡೆದುಕೊಂಡು ಬಂದಿದೆ. ಈಗ ನಾನು ಹೊಸದನ್ನು ಹೊಲಿಯುವುದಕ್ಕಿಂತ ಹಳೆಯದನ್ನು ದುರಸ್ತಿ ಮಾಡುವುದೇ ಹೆಚ್ಚು. ಜನರು ಕೊಂಡ ವಸ್ತುಗಳ ಒಳಗೆ ಏನಿದೆ ಎಂಬುದು, ಬಿಚ್ಚಿ ನೋಡುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೀವು ಕೇಳಿದ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಇದು ಚರ್ಮವೇ ಎಂಬುದು ಒಂದು. ಚರ್ಮವೇ ಆಗಿದ್ದರೆ ತೊಗಲಿನ ಯಾವ ಪದರದ್ದು ಎಂಬುದು ಇನ್ನೊಂದು. ರೆಗ್ಜಿನ್ನನ್ನು, ಅಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪೊರೆ ಹಚ್ಚಿದ್ದನ್ನು, ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಸಾವಿರಾರು ರೂಪಾಯಿ ಕೊಟ್ಟವರು ಮೋಸ ಹೋಗುವುದು ಹೆಚ್ಚಾಗಿ ಎರಡನೆಯ ಪ್ರಶ್ನೆಯನ್ನು ಕೇಳದಿರುವುದರಿಂದ.

ಎಮ್ಮೆ ಅಥವಾ ಕೋಣದ ತೊಗಲು ಬಹಳ ದಪ್ಪ. ಚೀಲಕ್ಕೆ ಬೇಕಾಗುವುದು ಒಂದೂವರೆ ಮಿಲಿಮೀಟರ್ ಆಸುಪಾಸಿನ ಹಾಳೆ ಮಾತ್ರ. ಆದ್ದರಿಂದ ಕಾರ್ಖಾನೆಯಲ್ಲಿ ತೊಗಲನ್ನು ಯಂತ್ರಕ್ಕೆ ಕೊಟ್ಟು, ದಪ್ಪವಿದ್ದದ್ದನ್ನು ಮೇಲಿನ ಹಾಳೆ, ಕೆಳಗಿನ ಹಾಳೆ ಎಂದು ಸೀಳುತ್ತಾರೆ. ಕೂದಲಿದ್ದ ಮೇಲ್ಭಾಗದಲ್ಲಿ ನಾರುಗಳು ಅತ್ಯಂತ ಸಣ್ಣವಾಗಿ, ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ; ಕೆಳಕ್ಕೆ ಇಳಿದಂತೆ ಅವು ದಪ್ಪವಾಗುತ್ತವೆ, ಹೆಣಿಗೆ ಸಡಿಲವಾಗುತ್ತದೆ. ಮೇಲಿನ ಹಾಳೆಯನ್ನು ಉಜ್ಜದೆ, ರಂಧ್ರಗಳೂ ಗಾಯದ ಕಲೆಗಳೂ ಇದ್ದ ಹಾಗೆಯೇ ಉಳಿಸಿಕೊಂಡರೆ ಅದು ಫುಲ್ ಗ್ರೇನ್. ಕಲೆಗಳು ಕಾಣಬಾರದೆಂದು ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ, ಬಣ್ಣ ಬಳಿದು, ಅಚ್ಚಿನಿಂದ ಗೆರೆ ಒತ್ತಿದರೆ ಅದು ಕರೆಕ್ಟೆಡ್ ಗ್ರೇನ್. ಇದು ಕೆಟ್ಟದ್ದಲ್ಲ, ಶಾಲೆಯ ಕಪ್ಪು ಬೂಟುಗಳಲ್ಲಿ ಬಹಳಷ್ಟು ಇದರದ್ದೇ. ಕೆಳಗಿನ ಸಡಿಲ ಹಾಳೆ ಸ್ಪ್ಲಿಟ್. ಅದರ ಮೇಲೆ ಪಿಯು ಎಂಬ ಪ್ಲಾಸ್ಟಿಕ್ ಪೊರೆಯನ್ನು ಅಂಟಿಸಿ, ಅದಕ್ಕೆ ಚರ್ಮದ ಗೆರೆಗಳ ಅಚ್ಚು ಒತ್ತಿದರೆ, ಹೊಸದರಲ್ಲಿ ಅದು ಫುಲ್ ಗ್ರೇನಿಗಿಂತಲೂ ಅಂದವಾಗಿ ಕಾಣುತ್ತದೆ. ಕತ್ತರಿಸಿ ಉಳಿದ ಚೂರುಗಳನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಾಳೆ ಎರೆದದ್ದು ಬಾಂಡೆಡ್. ಅಲ್ಲಿ ಚರ್ಮದ ಪುಡಿ ಇರುತ್ತದೆಯೇ ಹೊರತು ಚರ್ಮದ ಹೆಣಿಗೆ ಇರುವುದಿಲ್ಲ, ಮಡಿಸಿದಲ್ಲೆಲ್ಲ ಸೀಳುತ್ತದೆ.

ಈಗ ‘ಜೆನ್ಯುಯಿನ್ ಲೆದರ್’ ಮುದ್ರೆಯ ವಿಷಯಕ್ಕೆ ಬರೋಣ. ಪೊರೆ ಹಚ್ಚಿದ ಸ್ಪ್ಲಿಟ್ ಕೂಡ ಪ್ರಾಣಿಯ ತೊಗಲೇ ಆದ್ದರಿಂದ, ಆ ಮುದ್ರೆ ಹಾಕಿದವನನ್ನು ಸುಳ್ಳುಗಾರ ಎನ್ನಲಾಗದು. ಫುಲ್ ಗ್ರೇನ್ ಬಳಸಿದವನು ಅದನ್ನು ಹೇಳಿಕೊಳ್ಳದೆ ಬಿಡುವುದು ಅಪರೂಪ. ಹಾಗಾಗಿ ಬರೀ ‘ಜೆನ್ಯುಯಿನ್’ ಎಂದಿದ್ದರೆ ಪದರದ ಬಗ್ಗೆ ಅವರು ಏನನ್ನೂ ಹೇಳಿಲ್ಲ ಎಂದೇ ತಿಳಿಯಿರಿ. ಯುರೋಪಿನಲ್ಲಿ 1994ರ ಪಾದರಕ್ಷೆ ನಿಯಮದ ಪ್ರಕಾರ, ಮೇಲಿನ ಪೊರೆ 0.15 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಅದನ್ನು ಬರೀ ಚರ್ಮ ಎಂದು ಕರೆಯುವಂತಿಲ್ಲ, ‘ಪೊರೆ ಹಚ್ಚಿದ ಚರ್ಮ’ ಎಂದೇ ಬರೆಯಬೇಕು. ನಮ್ಮ ಊರುಗಳಲ್ಲಿ ಮಾರುವ ಅನೇಕ ಬೂಟುಗಳ ಮೇಲೂ ಆ ನಿಯಮದ ಚಿಕ್ಕ ಚಿತ್ರಗಳು ಇರುತ್ತವೆ: ಹರವಿದ ತೊಗಲಿನ ಆಕಾರವಿದ್ದರೆ ಚರ್ಮ, ಅದೇ ಆಕಾರದೊಳಗೆ ಚಿಕ್ಕ ವಜ್ರಾಕಾರವಿದ್ದರೆ ಪೊರೆ ಹಚ್ಚಿದ್ದು, ಬರೀ ವಜ್ರಾಕಾರವಿದ್ದರೆ ಚರ್ಮವೂ ಅಲ್ಲದ, ಬಟ್ಟೆಯೂ ಅಲ್ಲದ ಬೇರೆ ವಸ್ತು. ಬೂಟಿನ ಮೇಲ್ಭಾಗ, ಒಳಭಾಗ, ಅಟ್ಟೆ ಈ ಮೂರಕ್ಕೂ ಬೇರೆ ಬೇರೆ ಚಿತ್ರ ಇರುವುದರಿಂದ ಎಲ್ಲವನ್ನೂ ನೋಡಬೇಕು.

ಸ್ಪ್ಲಿಟ್ ಎಂದಾಕ್ಷಣ ಎಲ್ಲವೂ ಮೋಸವಲ್ಲ. ಪೊರೆ ಹಚ್ಚದೆ, ನಾರನ್ನು ಮಖಮಲ್ಲಿನಂತೆ ನವಿರಾಗಿ ಉಜ್ಜಿ ಸ್ವೀಡ್ ಆಗಿ ಮಾರಿದರೆ ಅದು ಪ್ರಾಮಾಣಿಕ ವಸ್ತುವೇ.

ರಸಾಯನ ಮೇಷ್ಟ್ರು (ಬೀದರ್)

ಅಟ್ಟೆ-ಬಾರು ಅವರ ವಿವರಣೆಯನ್ನು ಓದಿ ಬಹಳ ಸಂತೋಷವಾಯಿತು. ಶಹಾಬಾದಿನ ಮಿತ್ರರು ಹೇಳಿದ ಮೂರು ಪರೀಕ್ಷೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ, ಏಕೆಂದರೆ ಅವು ಎಲ್ಲ ಕಡೆ ಹರಡಿವೆ.

ವಾಸನೆಯನ್ನು ಸಿಂಪಡಿಸಬಹುದು, ಪುಡಿ ಚರ್ಮದ ಹಾಳೆಗೂ ಚರ್ಮದ್ದೇ ವಾಸನೆ ಇರುತ್ತದೆ. ನೀರಿನ ಹನಿಯನ್ನು ಹೀರುವುದು ಮೇಲ್ಮೈಗೆ ರಕ್ಷಣೆಯ ಲೇಪ ಇಲ್ಲದ ಚರ್ಮ ಮಾತ್ರ. ವಕೀಲರು ಮಳೆಯಲ್ಲಿ ಒಯ್ಯುವ ಚೀಲಕ್ಕೆ ತೆಳುವಾದ ಲೇಪ ಇರುವುದೇ ಒಳ್ಳೆಯದು. ಅದರ ಮೇಲೆ ಹನಿ ಜಾರಿದರೆ ಚೀಲ ನಕಲಿ ಎಂದರ್ಥವಲ್ಲ. ಇನ್ನು ಬೆಂಕಿಯ ವಿಷಯ. ಚರ್ಮವು ಕೊಲಾಜೆನ್ ಎಂಬ ಪ್ರೋಟೀನು, ಕೂದಲೂ ಪ್ರೋಟೀನೇ ಆಗಿರುವುದರಿಂದ ಸುಟ್ಟಾಗ ವಾಸನೆ ಹೋಲುತ್ತದೆ ಎಂಬುದು ನಿಜ. ಪಿಯು ಕರಗಿ ಕಪ್ಪು ಗುಂಡುಗಳಾಗುತ್ತದೆ. ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ ಆಗಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಘಾಟು ಹೊಗೆ ಏಳುತ್ತದೆ, ಅದನ್ನು ಮೂಸಲೇಬಾರದು. ಆದರೆ ಪೊರೆ ಹಚ್ಚಿದ ಸ್ಪ್ಲಿಟ್ ಕೂಡ ಹಿಂಬದಿಯಿಂದ ಸುಟ್ಟರೆ ಕೂದಲಿನ ವಾಸನೆಯನ್ನೇ ಕೊಡುತ್ತದೆ. ಅಂದರೆ ಅಟ್ಟೆ-ಬಾರು ಅವರು ಹೇಳಿದ ಎರಡನೆಯ ಪ್ರಶ್ನೆಗೆ ಬೆಂಕಿಯಲ್ಲಿ ಉತ್ತರವಿಲ್ಲ. ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಇಂದು ಜಗತ್ತಿನ ಬಹುಪಾಲು ಚರ್ಮವನ್ನು ಕ್ರೋಮಿಯಂ ಲವಣದಿಂದ ಹದ ಮಾಡುತ್ತಾರೆ. ಆ ಸ್ಥಿತಿಯಲ್ಲಿರುವ ಕ್ರೋಮಿಯಂ ಹೆಚ್ಚು ಅಪಾಯಕಾರಿಯಲ್ಲ. ಆದರೆ ಸುಟ್ಟಾಗ ಅದರ ಒಂದು ಭಾಗ ವಿಷಕಾರಿಯಾದ ಇನ್ನೊಂದು ರೂಪಕ್ಕೆ ತಿರುಗಬಲ್ಲದು. ಮಾರಾಟಕ್ಕಿಟ್ಟ ವಸ್ತುವಿಗೆ ಕಡ್ಡಿ ತಾಗಿಸುವುದು ಸೌಜನ್ಯವೂ ಅಲ್ಲ, ಆರೋಗ್ಯಕ್ಕೆ ಹಿತವೂ ಅಲ್ಲ.

ಪಿಯು ಚೀಲಗಳು ಒಂದೆರಡು ವರ್ಷಕ್ಕೆ ಸುಲಿಯುವುದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಅಗ್ಗದ ಪಿಯು ಪೊರೆಯಲ್ಲಿರುವ ಎಸ್ಟರ್ ಎಂಬ ರಾಸಾಯನಿಕ ಬಂಧಗಳನ್ನು ಗಾಳಿಯಲ್ಲಿನ ತೇವಾಂಶ ನಿಧಾನವಾಗಿ ಕಡಿಯುತ್ತದೆ, ಶಾಖ ಆ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಬೆಂದು ಜೂನಿನಲ್ಲಿ ಮಳೆಯ ತೇವಕ್ಕೆ ಸಿಗುವ ನಮ್ಮ ಭಾಗದ ಚೀಲಗಳಿಗೆ ಇದು ಎರಡು ಕಡೆಯ ಹೊಡೆತ. ಬಳಸದೆ ಕಪಾಟಿನಲ್ಲಿಟ್ಟರೂ ಇದು ತಪ್ಪದು. ಇದೇ ಕಾರಣಕ್ಕೆ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಬೂಟಿನ ಪಿಯು ಅಟ್ಟೆ ಒಮ್ಮೆಲೇ ಪುಡಿಪುಡಿಯಾಗಿ ಉದುರುವುದುಂಟು. ಅಟ್ಟೆ ಉದುರಿತೆಂದು ಮೇಲಿನ ಚರ್ಮವನ್ನೂ ನಕಲಿ ಎಂದು ತೀರ್ಮಾನಿಸಬಾರದು. ಹೊಸ ಅಟ್ಟೆ ಹಾಕಿಸಿದರೆ ಅಂತಹ ಬೂಟು ಮತ್ತೆ ಬಾಳುತ್ತದೆ.

ಶಹಾಬಾದಿ ಕಲ್ಲು (ಶಹಾಬಾದ್)

ಮೇಷ್ಟ್ರೇ, ಬೆಂಕಿಯ ಮಾತನ್ನು ಒಪ್ಪುತ್ತೇನೆ. ಆದರೆ ಮೂಗನ್ನು ಪೂರ್ತಿ ಬಿಡುವುದಕ್ಕೆ ನನಗೆ ಮನಸ್ಸಿಲ್ಲ. ಪ್ಲಾಸ್ಟಿಕ್ಕಿನ ಘಾಟು ಬಂದರೆ ಆ ವಸ್ತುವನ್ನು ಕೆಳಗಿಡುವುದಕ್ಕೆ ಅದೊಂದೇ ಸಾಕು. ಒಳ್ಳೆಯದನ್ನು ಆರಿಸಲು ವಾಸನೆ ಸಾಲದಿರಬಹುದು, ಕೆಟ್ಟದ್ದನ್ನು ಬಿಡಲು ಸಾಕು.

ಕಡತದ ಚೀಲ (ಕಲಬುರಗಿ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞ. ಅಟ್ಟೆ-ಬಾರು ತಮ್ಮಾ, ಒಂದು ತೊಡಕು ಉಳಿದಿದೆ. ಕತ್ತರಿಸಿದ ಅಂಚನ್ನು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಚೀಲಗಳಲ್ಲಿ ಅಂಚನ್ನು ಒಳಕ್ಕೆ ಮಡಿಸಿ ಹೊಲಿದಿದ್ದಾರೆ, ಇಲ್ಲವೇ ದಪ್ಪಗೆ ಬಣ್ಣ ಹಚ್ಚಿದ್ದಾರೆ. ಒಳಗೆಲ್ಲ ಬಟ್ಟೆಯ ಅಸ್ತರಿ. ಹೀಗಿರುವಾಗ ಒಳಗಿನ ಪದರವನ್ನು ನೋಡುವುದಾದರೂ ಎಲ್ಲಿ?

ಅಟ್ಟೆ-ಬಾರು (ಬಸವಕಲ್ಯಾಣ)

ಅಣ್ಣ, ಎಷ್ಟೇ ಮುಚ್ಚಿದರೂ ಚರ್ಮ ಎಲ್ಲೋ ಒಂದು ಕಡೆ ತನ್ನ ಒಳಮೈಯನ್ನು ತೋರಿಸುತ್ತದೆ. ಹೆಗಲಿನ ಪಟ್ಟಿಗೆ ಬಕಲ್ ಹಾಕಲು ತೂತು ಹೊಡೆದಿರುತ್ತಾರಲ್ಲ, ಆ ತೂತಿನ ಒಳಗೋಡೆಗೆ ಬಣ್ಣ ಹಚ್ಚಿರುವುದು ಕಡಿಮೆ. ಮೊಬೈಲಿನ ಕ್ಯಾಮೆರಾವನ್ನು ಹತ್ತಿರಕ್ಕೆ ಹಿಡಿದು, ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಿ. ರೆಗ್ಜಿನ್ ಆಗಿದ್ದರೆ ಮೇಲೆ ಹೊಳೆಯುವ ತೆಳು ಪೊರೆ, ಕೆಳಗೆ ಸ್ಪಂಜಿನಂತಹ ಪದರ, ಅದರ ಕೆಳಗೆ ನೇಯ್ದ ಅಥವಾ ಹೆಣೆದ ಬಟ್ಟೆಯ ಎಳೆಗಳು ಕಾಣುತ್ತವೆ. ಬಾಂಡೆಡ್ ಆಗಿದ್ದರೆ ರಟ್ಟಿನಂತೆ ಒಂದೇ ಸಮನಾದ ಪುಡಿ ಕಾಣುತ್ತದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಪೊರೆ ಹಚ್ಚಿದ ಸ್ಪ್ಲಿಟ್ಟಿನಲ್ಲಿ ದಪ್ಪ ನಾರುಗಳು ಇರುತ್ತವೆ. ಆದರೆ ಮೇಲಿನ ಪೊರೆಗೂ ನಾರಿಗೂ ನಡುವೆ ಚಾಕುವಿನಿಂದ ಎಳೆದಂತಹ ಒಂದು ಸ್ಪಷ್ಟ ಗೆರೆ ಇರುತ್ತದೆ. ಫುಲ್ ಗ್ರೇನಿನಲ್ಲಿ ಆ ಗೆರೆ ಇರುವುದಿಲ್ಲ. ಕೆಳಗಿನ ದಪ್ಪ ನಾರು ಮೇಲಕ್ಕೆ ಹೋದಂತೆ ಸಣ್ಣದಾಗುತ್ತಾ, ಒತ್ತಾಗುತ್ತಾ, ಎಲ್ಲಿ ನಾರು ಮುಗಿಯಿತು ಎಲ್ಲಿ ಮೇಲ್ಮೈ ಆರಂಭವಾಯಿತು ಎಂದು ಹೇಳಲಾಗದಂತೆ ಕೂಡಿಕೊಂಡಿರುತ್ತದೆ. ಈ ಒಂದು ಗುರುತನ್ನು ಕಣ್ಣಿಗೆ ಅಭ್ಯಾಸ ಮಾಡಿಕೊಂಡರೆ ಉಳಿದ ಪರೀಕ್ಷೆಗಳ ಅಗತ್ಯ ಬಹುಮಟ್ಟಿಗೆ ಇಲ್ಲ.

ತೂತು ಸಿಗದಿದ್ದರೆ ಜಿಪ್ಪಿನ ಕೊನೆಯಲ್ಲಿ, ಒಳ ಜೇಬಿನ ಹೊಲಿಗೆಯ ಹಿಂದೆ, ಹಿಡಿಕೆಯನ್ನು ರಿವೆಟ್ ಮಾಡಿದ ಜಾಗದಲ್ಲಿ ಬೆರಳು ಹಾಕಿ ಮಡಿಕೆಯನ್ನು ಸ್ವಲ್ಪ ಬಿಡಿಸಿ ನೋಡಿ. ಬೆಲ್ಟ್ ಕೊಳ್ಳುವಾಗ ಕೆಲಸ ಇನ್ನೂ ಸುಲಭ. ಹಲವು ಬೆಲ್ಟುಗಳಲ್ಲಿ ಮೇಲೊಂದು, ಕೆಳಗೊಂದು ತೆಳು ಚರ್ಮ ಅಂಟಿಸಿ ನಡುವೆ ಬಾಂಡೆಡ್ ಪಟ್ಟಿ ಸೇರಿಸಿರುತ್ತಾರೆ. ತೂತಿನಲ್ಲಿ ನೋಡಿದರೆ ಆ ನಡುವಿನ ಪಟ್ಟಿ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತಿ. ಒಳ್ಳೆಯ ಚರ್ಮದಲ್ಲಿ ಬೆರಳಿನ ಸುತ್ತ ಸಣ್ಣ ಸಣ್ಣ ಸುಕ್ಕುಗಳು ಕಿರಣಗಳಂತೆ ಹರಡಿ, ಬೆರಳು ತೆಗೆದೊಡನೆ ಮಾಯವಾಗುತ್ತವೆ. ಪ್ಲಾಸ್ಟಿಕ್ ಪೊರೆ ದಪ್ಪವಿದ್ದರೆ ಬೆರಳಿನ ಕೆಳಗೆ ಗುಳಿ ಬೀಳುತ್ತದೆಯೇ ಹೊರತು ಸುಕ್ಕು ಹರಡುವುದಿಲ್ಲ. ಆಮೇಲೆ ರಂಧ್ರಗಳ ಸಾಲನ್ನು ನೋಡಿ. ಆಡಿನ ತೊಗಲಿನಲ್ಲಿ ರಂಧ್ರಗಳು ಚಿಕ್ಕ ಗುಂಪುಗಳಾಗಿ ಸಾಲುಗಟ್ಟಿರುತ್ತವೆ, ಎಮ್ಮೆಯದರಲ್ಲಿ ಮೇಲ್ಮೈ ಒರಟು, ರಂಧ್ರಗಳು ವಿರಳ. ಯಾವ ಪ್ರಾಣಿಯದೇ ಆಗಲಿ, ಬೆನ್ನಿನ ಭಾಗಕ್ಕೂ ಹೊಟ್ಟೆಯ ಭಾಗಕ್ಕೂ ವ್ಯತ್ಯಾಸ ಇರುವುದರಿಂದ ಚೀಲದ ಎರಡು ಬದಿಗಳು ತದ್ರೂಪವಾಗಿ ಇರಲಾರವು. ಅದೇ ಗೆರೆ, ಅದೇ ಗುಂಡಿ ಅಂಗೈಯಷ್ಟು ದೂರಕ್ಕೊಮ್ಮೆ ಮರುಕಳಿಸುತ್ತಿದ್ದರೆ ಅದು ಅಚ್ಚಿನ ಉರುಳೆಯ ಕೆಲಸ. ಗ್ರಾಹಕರು ಚಿಕ್ಕ ಕಲೆಯೊಂದನ್ನು ಕಂಡು ಚೀಲವನ್ನು ತಿರಸ್ಕರಿಸುವುದನ್ನು ಅಂಗಡಿಗಳಲ್ಲಿ ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮುಳ್ಳು ತರಚಿದ ಆ ಕಲೆ ಮೇಲ್ಪದರ ಉಳಿದಿದೆ ಎಂಬುದಕ್ಕೆ ಸಾಕ್ಷಿ.

ಹೊಲಿಗೆಯನ್ನೂ ಮರೆಯಬೇಡಿ. ಎಷ್ಟೇ ಒಳ್ಳೆಯ ಚರ್ಮವಾದರೂ ಹಿಡಿಕೆಯ ಬುಡದಲ್ಲಿ ಹೊಲಿಗೆ ತೀರಾ ಒತ್ತಾಗಿದ್ದರೆ ಅಲ್ಲೇ ಹರಿಯುತ್ತದೆ, ಏಕೆಂದರೆ ಸೂಜಿಯ ತೂತುಗಳು ಚರ್ಮದಲ್ಲಿ ಮುಚ್ಚಿಕೊಳ್ಳುವುದಿಲ್ಲ.

ಲೆಕ್ಕದ ಪುಸ್ತಕ (ಯಾದಗಿರಿ)

ನಾನು ತೆರಿಗೆ ಲೆಕ್ಕ ಬರೆಯುವವನು. ನನ್ನ ಕಡೆಯಿಂದ ಒಂದು ಉಪಯುಕ್ತ ಮಾಹಿತಿ. ಜಿಎಸ್‌ಟಿ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಎಂಬ ಸಂಖ್ಯೆ ಇರುತ್ತದೆ. ಅದು ವಸ್ತು ಯಾವುದರಿಂದ ಆಗಿದೆ ಎಂಬುದನ್ನು ಆಧರಿಸಿದ ವರ್ಗೀಕರಣ. ಪಾದರಕ್ಷೆಯ ಮೇಲ್ಭಾಗ ಚರ್ಮದ್ದಾಗಿದ್ದರೆ 6403, ರಬ್ಬರ್ ಅಥವಾ ಪ್ಲಾಸ್ಟಿಕ್ಕಿನದಾಗಿದ್ದರೆ 6402, ಬಟ್ಟೆಯದಾಗಿದ್ದರೆ 6404. ಚೀಲಗಳೆಲ್ಲವೂ 4202ರ ಕೆಳಗೆ ಬರುವುದರಿಂದ ಅಲ್ಲಿ ಆರು ಅಂಕಿಗಳವರೆಗೆ ನೋಡಬೇಕು: ಕೈಚೀಲದ ಹೊರಮೈ ಚರ್ಮದ್ದಾದರೆ 420221, ಪ್ಲಾಸ್ಟಿಕ್ ಹಾಳೆ ಅಥವಾ ಬಟ್ಟೆಯದಾದರೆ 420222, ಕಡತದ ಪೆಟ್ಟಿಗೆ, ಬ್ರೀಫ್‌ಕೇಸ್‌ಗಳಿಗೆ ಇದೇ ಕ್ರಮದಲ್ಲಿ 420211 ಮತ್ತು 420212, ಜೇಬಿನ ಪಾಕೀಟುಗಳಿಗೆ 420231 ಮತ್ತು 420232. ‘ಅಪ್ಪಟ ಚರ್ಮ’ ಎಂದು ಮಾರಿದ ಬೂಟಿಗೆ 6402 ಎಂದು ಬಿಲ್ ಬಂದರೆ ಅಲ್ಲೇ ನಿಂತು ಕಾರಣ ಕೇಳಿ. ಸಣ್ಣ ವ್ಯಾಪಾರಿಗಳ ಬಿಲ್ಲಿನಲ್ಲಿ ನಾಲ್ಕೇ ಅಂಕಿ ಇರಬಹುದು ಅಥವಾ ಇಲ್ಲದೆಯೂ ಇರಬಹುದು. ಕೆಲವರು ಕಣ್ತಪ್ಪಿನಿಂದ ಬೇರೆ ಸಂಖ್ಯೆ ಹಾಕುವುದೂ ಉಂಟು. ಆದ್ದರಿಂದ ಇದು ಚರ್ಮದ ಪರೀಕ್ಷೆಗೆ ಬದಲಿಯಲ್ಲ, ಮಾರಿದವರ ಮಾತಿಗೆ ದಾಖಲೆ.

ಹೆಚ್ಚು ಬೆಲೆಯ ವಸ್ತುವಾದರೆ ಬಿಲ್ಲಿನ ಮೇಲೆ ‘ಫುಲ್ ಗ್ರೇನ್ ಚರ್ಮ’ ಎಂದು ಬರೆಸಿಕೊಳ್ಳಿ. ನಂತರ ಪೊರೆ ಸುಲಿದು ಬಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ ನೋಡಬಹುದು.

ತೊಗರಿ ಕಣಜ (ಕಲಬುರಗಿ)

ಕೊಲ್ಹಾಪುರಿ ಚಪ್ಪಲಿಗಳ ಬಗ್ಗೆಯೂ ಯಾರಾದರೂ ಹೇಳಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿಯೂ ಸೊಲ್ಲಾಪುರದ ಕಡೆಯಿಂದ ಬರುವ ವ್ಯಾಪಾರಿಗಳ ಬಳಿಯೂ 300 ರೂಪಾಯಿಗೆ ಜೋಡಿ ಸಿಗುತ್ತವೆ. ನಮ್ಮ ತಂದೆಯವರು ಹಾಕುತ್ತಿದ್ದ ಜೋಡಿಗೂ ಇವಕ್ಕೂ ತೂಕದಲ್ಲೇ ಬಹಳ ಅಂತರವಿದೆ.

ಅಟ್ಟೆ-ಬಾರು (ಬಸವಕಲ್ಯಾಣ)

ಕೊಲ್ಹಾಪುರಿಗೆ ಬಳಸುವ ತೊಗಲನ್ನು ಕ್ರೋಮಿಯಂನಿಂದಲ್ಲ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಾರೆ. ಅಂತಹ ತೊಗಲಿನ ಅಂಚು ಒಳಗಿನವರೆಗೂ ಒಂದೇ ಕಂದು ಬಣ್ಣದಲ್ಲಿರುತ್ತದೆ. ಕ್ರೋಮಿಯಂ ಹದದ್ದಾಗಿದ್ದರೆ ಬಣ್ಣ ಇಳಿಯದ ನಡುಭಾಗ ಹಲವು ಬಾರಿ ತಿಳಿ ನೀಲಿ ಅಥವಾ ಬೂದು ಬಣ್ಣದಲ್ಲಿ ಕಾಣುತ್ತದೆ. ಒಂದು ಹನಿ ನೀರು ಬಿದ್ದರೆ ಇಲ್ಲಿ ಮಾತ್ರ ಕಲೆ ಗಾಢವಾಗಿ ಮೂಡಿ ಆರುತ್ತದೆ, ಆದ್ದರಿಂದ ಶಹಾಬಾದಿನ ಅಣ್ಣನವರ ನೀರಿನ ಪರೀಕ್ಷೆಗೆ ಸರಿಯಾದ ಜಾಗ ಇದು. ಅಟ್ಟೆಯನ್ನು ತಿರುಗಿಸಿ ನೋಡಿ. ಅಸಲಿ ಕೆಲಸದಲ್ಲಿ ಮೊಳೆ ಇರುವುದಿಲ್ಲ, ಅಟ್ಟೆಯ ಪದರಗಳನ್ನು ತೊಗಲಿನದೇ ಸಣ್ಣ ಬಾರಿನಿಂದ ಕೈಯಲ್ಲಿ ಹೊಲಿದಿರುತ್ತಾರೆ. ಅಗ್ಗದ ಜೋಡಿಯಲ್ಲಿ ನಡುವೆ ರಟ್ಟು ತುಂಬಿ, ಅಂಟು ಹಾಕಿ, ಅಂಚಿನಲ್ಲಿ ತೋರಿಕೆಗೆ ಮಾತ್ರ ಹೊಲಿಗೆ ಎಳೆದಿರುತ್ತಾರೆ. ಬದಿಯಿಂದ ಒತ್ತಿದರೆ ರಟ್ಟು ಮೆತ್ತಗೆ ಅದುಮುತ್ತದೆ, ಮಳೆಗೆ ಸಿಕ್ಕರೆ ಉಬ್ಬುತ್ತದೆ.

ಇನ್ನೊಂದು ಮಾತನ್ನು ಬಹಳ ಜನ ಗಮನಿಸಿಲ್ಲ. 2019ರಿಂದ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಮತ್ತು ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ಎಂಟು ಜಿಲ್ಲೆಗಳಿಗೆ ಸೇರಿದ್ದು. ಅಥಣಿ, ನಿಪ್ಪಾಣಿಗಳ ಜೋಡಿ ನಕಲಿಯಲ್ಲ, ಹಕ್ಕಿನಿಂದಲೇ ಕೊಲ್ಹಾಪುರಿ. ನಮ್ಮ ಬೀದರ್, ಕಲಬುರಗಿ ಆ ಪಟ್ಟಿಯಲ್ಲಿಲ್ಲ. ನಾನು ಎಷ್ಟೇ ಚೆನ್ನಾಗಿ ಹೊಲಿದರೂ ಅದನ್ನು ಕೊಲ್ಹಾಪುರಿ ಎಂದು ಮಾರುವ ಹಕ್ಕು ನನಗಿಲ್ಲ, ನಾನು ಮಾರುವುದೂ ಇಲ್ಲ. ಸರ್ಕಾರದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನ ಮಳಿಗೆ ಹತ್ತಿರದಲ್ಲಿದ್ದರೆ ಅಲ್ಲೊಂದು ಜೋಡಿಯನ್ನು ಕೈಯಲ್ಲಿ ಹಿಡಿದು ತೂಕ, ಅಂಚು ನೋಡಿಕೊಂಡು ಬನ್ನಿ. ಬೇರೆಡೆ ಹೋಲಿಸುವುದಕ್ಕೆ ಅಳತೆಗೋಲು ಸಿಗುತ್ತದೆ.

ಬಿಳಿಜೋಳ (ಯಾದಗಿರಿ)

ನಾನು ತತ್ತ್ವಕ್ಕಾಗಿ ಚರ್ಮವನ್ನು ಬಳಸುವುದಿಲ್ಲ. ಈ ಚರ್ಚೆಯಲ್ಲಿ ರೆಗ್ಜಿನ್ನನ್ನು ‘ಕೆಟ್ಟದ್ದು’ ಎಂಬ ಧ್ವನಿಯಲ್ಲಿ ಹೇಳುತ್ತಿರುವುದು ಸರಿಯಲ್ಲ ಎನಿಸಿತು. ಬಟ್ಟೆಯ ಆಧಾರವಿರುವ ಒಳ್ಳೆಯ ದಪ್ಪ ರೆಗ್ಜಿನ್ ಚೀಲ ನನ್ನ ಬಳಿ ಚೆನ್ನಾಗಿಯೇ ಬಾಳಿದೆ.

ರಸಾಯನ ಮೇಷ್ಟ್ರು (ಬೀದರ್)

ತಾವು ಹೇಳುವುದು ನ್ಯಾಯವಾದ ಮಾತು. ರೆಗ್ಜಿನ್ನನ್ನು ರೆಗ್ಜಿನ್ ಎಂದು ಹೇಳಿ ಅದರ ಬೆಲೆಗೆ ಮಾರಿದರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಚರ್ಮ ಬೇಡವೆನ್ನುವವರಿಗೂ ಈ ಗುರುತುಗಳು ಬೇಕು, ಏಕೆಂದರೆ ಅಗ್ಗದ ವಸ್ತುಗಳಲ್ಲಿಯೂ ಚರ್ಮದ ಪುಡಿ ಸೇರಿರುವುದುಂಟು.

ಕಡತದ ಚೀಲ (ಕಲಬುರಗಿ)

ಕೊನೆಯದಾಗಿ ಒಂದು ಪ್ರಶ್ನೆ. ಒಳ್ಳೆಯ ಚೀಲವನ್ನೇ ಕೊಂಡರೂ ನಮ್ಮ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ? ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು ಎನ್ನುತ್ತಾರೆ. ಹಳೆಯ ಚೀಲವೊಂದರ ಮೇಲ್ಮೈ ಸುಲಿದಿದೆ, ಅದನ್ನೂ ಸರಿಪಡಿಸಬಹುದೇ?

ಅಟ್ಟೆ-ಬಾರು (ಬಸವಕಲ್ಯಾಣ)

ಎಣ್ಣೆಯನ್ನು ಬಸಿಯುವಂತೆ ಹಚ್ಚಿದರೆ ಚರ್ಮ ಮೆತ್ತಗಾಗಿ ಜೋಲುತ್ತದೆ, ಕಡತಗಳಿಗೂ ಕಲೆ ಹತ್ತುತ್ತದೆ. ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬಣ್ಣವಿಲ್ಲದ ಲೆದರ್ ಕ್ರೀಮನ್ನು ತೆಳುವಾಗಿ ಸವರಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ನೆನೆದರೆ ಬಿಸಿಲಿಗಾಗಲಿ ಒಲೆಯ ಹತ್ತಿರವಾಗಲಿ ಇಡದೆ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಆರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ.

ಸುಲಿದ ಚೀಲದ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಸುಲಿದದ್ದು ಪಿಯು ಪೊರೆಯಾಗಿದ್ದರೆ ಯಾವ ಪಾಲಿಶ್, ಯಾವ ಬಣ್ಣವೂ ಅದನ್ನು ಮತ್ತೆ ಹಿಡಿಸುವುದಿಲ್ಲ. ಹಚ್ಚಿದ ಬಣ್ಣ ಪೊರೆಯ ಜೊತೆಯಲ್ಲೇ ಉದುರುತ್ತದೆ. ಬಕಲ್, ಜಿಪ್ಪು ಚೆನ್ನಾಗಿದ್ದರೆ ಅವನ್ನು ಬಿಚ್ಚಿಸಿ ಇಟ್ಟುಕೊಳ್ಳಿ. ಹೊಸ ಚೀಲವನ್ನು ಕೊಳ್ಳುವ ಮೊದಲು ಅಂಗಡಿಯವರ ಅನುಮತಿ ಪಡೆದು ನಿಮ್ಮ ಓಣಿಯಲ್ಲಿ ದುರಸ್ತಿ ಮಾಡುವ ಸಮಗಾರರಿಗೆ ಒಮ್ಮೆ ತೋರಿಸಿ, ಅವರ ಸಮಯಕ್ಕೆ ತಕ್ಕ ಹಣ ಕೊಡಿ. ಚೀಲ ಒಯ್ಯಲಾಗದಿದ್ದರೆ ತೂತಿನ ಅಂಚಿನ ಚಿತ್ರವನ್ನು ಇಲ್ಲೇ ಹಾಕಿ, ನಾನು ನೋಡಿ ಹೇಳುತ್ತೇನೆ.